ಬೊಟ್ಟಿನ ತೂಕ

ಅವರ ಬಲಗೈಯ ಮೂರು ಬೆರಳು ಯಾವಾಗಲೂ ಹಳದಿಯಾಗಿರುತ್ತಿದ್ದವು. ನೈಟ್ರಿಕ್ ಆಸಿಡ್ ತಾಗಿ ತಾಗಿ ಹಿಡಿದ ಬಣ್ಣ. ಸೋಪು, ಸೀಗೆಪುಡಿ ಯಾವುದಕ್ಕೂ ಬಗ್ಗುತ್ತಿರಲಿಲ್ಲ. ಗೊತ್ತಿಲ್ಲದವರು ಕಂಡರೆ ಅರಿಸಿನೆಣ್ಣೆ ಶಾಸ್ತ್ರ ಮುಗಿಸಿ ಈಗಷ್ಟೇ ಎದ್ದು ಬಂದ ಮದುವೆಗಂಡು ಅಂದುಕೊಳ್ಳಬೇಕು, ಹಾಗಿತ್ತು. ನಾನು ಮೊದಲು ನೋಡಿದಾಗ ಅವರಿಗೆ ಐವತ್ತು ದಾಟಿತ್ತು. ಮದುವೆಯಾಗಿರಲಿಲ್ಲ.

ತೂಕ ನೋಡುವಾಗ ಉಸಿರು ಬಿಗಿಹಿಡಿಯುತ್ತಿದ್ದರು. ಗಾಜಿನ ಪೆಟ್ಟಿಗೆಯೊಳಗೆ ತಕ್ಕಡಿ, ಎರಡು ತಟ್ಟೆ, ನಡುವೆ ಅತ್ತಿತ್ತ ಓಲಾಡುವ ಮುಳ್ಳು. ಆ ಮುಳ್ಳು ಒಂದು ಕಡೆ ನಿಲ್ಲುವವರೆಗೂ ಅವರ ಎದೆ ಏಳುತ್ತಿರಲಿಲ್ಲ, ಕತ್ತಿನ ನರ ಮಾತ್ರ ಉಬ್ಬಿರುತ್ತಿತ್ತು. ಹುಡುಗರು ಅವರಿಗೆ ತಕ್ಕಡಿ ಮೇಷ್ಟ್ರು ಅಂತ ಹೆಸರಿಟ್ಟಿದ್ದರು. ಅದು ಅವರಿಗೂ ಗೊತ್ತಿತ್ತು. "ಪರವಾಗಿಲ್ಲ, ಇದಕ್ಕಿಂತ ಕೆಟ್ಟ ಹೆಸರು ಇಡಬಹುದಾಗಿತ್ತು" ಅಂದಿದ್ದರು ಒಮ್ಮೆ.

ನರಸೀಪುರದ ಆ ಕಾಲೇಜಿನಲ್ಲಿ ಅವರು ಕೆಮಿಸ್ಟ್ರಿ ಮೇಷ್ಟ್ರು, ನಾನು ಲ್ಯಾಬಿನ ಅಟೆಂಡರ್. ನನಗಿಂತ ಮೊದಲು ಆ ಕೆಲಸದಲ್ಲಿ ಇದ್ದವರು ನನ್ನ ಯಜಮಾನರೇ. ಮದುವೆಯಾದ ಐದನೆಯ ವರ್ಷ ಕಾಮಾಲೆಯಾಗಿ ಹೋಗಿಬಿಟ್ಟರು. ಅನುಕಂಪದ ಆಧಾರದ ಮೇಲೆ ನನಗೆ ಆರ್ಡರ್ ಬರುವ ಹೊತ್ತಿಗೆ ಇನ್ನೆರಡು ವರ್ಷ ಕಳೆದಿತ್ತು. ತೊಂಬತ್ತರ ದಶಕದ ನಡುಭಾಗ ಅದು. ನನಗೆ ಇಪ್ಪತ್ತಾರು. ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದು.

ಮೊದಲ ದಿನ ಅವರು ನನ್ನ ಮುಂದೆ ತೂಕದ ಬಟ್ಟುಗಳ ಮರದ ಪೆಟ್ಟಿಗೆ ತೆರೆದಿಟ್ಟರು. ಚಿನ್ನದಂಥ ಹಿತ್ತಾಳೆ ಬಟ್ಟುಗಳು ದೊಡ್ಡದರಿಂದ ಚಿಕ್ಕದರವರೆಗೆ ಮಕಮಲ್ಲಿನ ಗುಳಿಗಳಲ್ಲಿ ಕೂತಿದ್ದವು. ಒಂದನ್ನು ಎತ್ತಲು ಕೈ ಹಾಕಿದೆ.

"ಕೈಯಲ್ಲಿ ಮುಟ್ಟಬೇಡಿ ಅಮ್ಮ, ಚಿಮಟದಲ್ಲಿ ಹಿಡೀರಿ" ಅಂದರು.

ನಾನು ಸರಕ್ಕನೆ ಕೈ ಹಿಂದಕ್ಕೆ ಎಳೆದುಕೊಂಡೆ. ಮುಟ್ಟಬೇಡ ಅನ್ನುವ ಮಾತು ಆ ಎರಡು ವರ್ಷದಲ್ಲಿ ಬಹಳ ಕಡೆ ಕೇಳಿದ್ದೆ. ಮದುವೆಮನೆಯ ಹೂವಿನ ತಟ್ಟೆ, ಸೀಮಂತದ ಮನೆಯ ಬಳೆಯ ಮಲಾರ. ನನ್ನ ಮುಖ ನೋಡಿ ಅವರಿಗೆ ಏನು ಹೊಳೆಯಿತೋ, ತಮ್ಮ ಹಳದಿ ಬೆರಳುಗಳನ್ನೇ ಎತ್ತಿ ತೋರಿಸಿದರು. "ನಾನೂ ಮುಟ್ಟಲ್ಲ. ಬೆರಳಿನ ಬೆವರಿಗೂ ತೂಕ ಇರುತ್ತೆ. ಯಾರ ಬೆರಳಾದರೂ ಸರಿ."

ಅವರು ನಂಜನಗೂಡಿನವರು. ಕಪಿಲೆಯ ಕಡೆ ಇಳಿಯುವ ಒಂದು ಓಣಿಯಲ್ಲಿ ಬಾಡಿಗೆ ಕೋಣೆ. ತಾಯಿ ಇದ್ದಷ್ಟು ಕಾಲ ಇಬ್ಬರು, ಆಮೇಲೆ ಒಬ್ಬರೇ. ಬೆಳಿಗ್ಗೆ ಬಸ್ಸಿನಲ್ಲಿ ಬರುತ್ತಿದ್ದರು, ಸಂಜೆ ಬಸ್ಸಿನಲ್ಲಿ ಹೋಗುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಅವರದೊಂದು ಕುರ್ಚಿ ಇತ್ತು, ಅದರ ಮೇಲೆ ಸದಾ ಬೇರೆಯವರ ಚೀಲ ಇರುತ್ತಿತ್ತು. ಮಧ್ಯಾಹ್ನ ಲ್ಯಾಬಿನಲ್ಲೇ ಊಟ. ಆ ತುದಿಯ ಕಿಟಕಿಯ ಹತ್ತಿರ ಅವರು, ಈ ತುದಿಯ ಸಿಂಕಿನ ಹತ್ತಿರ ನಾನು. ಅವರ ಟಿಫನ್ ಕ್ಯಾರಿಯರ್‌ಗೆ ಎರಡು ಅಂತಸ್ತು, ಆದರೆ ಮೇಲಿನದರಲ್ಲಿ ಏನೂ ಇರುತ್ತಿರಲಿಲ್ಲ. ಒಂದೇ ಅಂತಸ್ತು ತಂದರೆ ಹಿಡಿ ಕೂರುವುದಿಲ್ಲ ಅಂತ ಖಾಲಿಯನ್ನೂ ಹೊತ್ತು ತರುತ್ತಿದ್ದರು. ನಾನು ಒಂದೆರಡು ಸಲ ಹುರುಳಿಕಾಳಿನ ಬಸ್ಸಾರು ಕೊಟ್ಟು ನೋಡಿದೆ. ತಿಂದರು. ಮಾರನೆಯ ದಿನ ಬಟ್ಟಲು ತೊಳೆದು, ಅದರಲ್ಲಿ ಎರಡು ನಂಜನಗೂಡು ರಸಬಾಳೆ ಇಟ್ಟು, ಸಿಂಕಿನ ಪಕ್ಕ ಇಟ್ಟು ಹೋಗಿದ್ದರು. ಮಾತಿಲ್ಲ. ವರ್ಷಗಟ್ಟಲೆ ನಾವಿಬ್ಬರೂ ಹಾಗೇ ಉಂಡೆವು, ನಡುವೆ ಹನ್ನೆರಡು ಮೇಜು.

ಅವರಿಗೆ ಮಾತು ಬರುತ್ತಿದ್ದುದು ವರ್ಷಕ್ಕೊಮ್ಮೆ, ದಸರಾ ರಜೆ ಮುಗಿದ ಮೇಲೆ. ಫಸ್ಟ್ ಪಿಯುಸಿ ಮಕ್ಕಳಿಗೆ ಅವರೊಂದು ಪ್ರಯೋಗ ಮಾಡಿಸುತ್ತಿದ್ದರು. ಪರೀಕ್ಷೆಗೆ ಬರುವಂಥದ್ದಲ್ಲ, ಅವರ ಆಸೆಗೆ ಮಾಡಿಸುತ್ತಿದ್ದದ್ದು. ಮೈಲುತುತ್ತದ, ಅಂದರೆ ಕಾಪರ್ ಸಲ್ಫೇಟಿನ, ಹರಳಿನಲ್ಲಿ ಎಷ್ಟು ನೀರಿದೆ ಅಂತ ಕಂಡುಹಿಡಿಯಬೇಕು. ಅಕ್ಕಸಾಲಿಗರ ಮೂಸೆಯಂಥ ಪುಟ್ಟ ಪಿಂಗಾಣಿ ಬಟ್ಟಲು, ಕ್ರೂಸಿಬಲ್ ಅನ್ನುತ್ತಾರೆ, ಅದನ್ನು ಮೊದಲು ಖಾಲಿ ತೂಗಬೇಕು. ಎರಡೂವರೆ ಗ್ರಾಮ್ ನೀಲಿ ಹರಳು ಹಾಕಿ ತೂಗಬೇಕು. ಹದವಾಗಿ ಕಾಯಿಸಿದರೆ ನೀರು ಹಾರಿಹೋಗಿ ನೀಲಿ ಬೆಳ್ಳಗಾಗುತ್ತದೆ. ಆರಿಸಿ ಮತ್ತೆ ತೂಗಬೇಕು. ಒಂದು ಪಾಯಿಂಟ್ ಆರು ಗ್ರಾಮ್ ಉಳಿದರೆ ಹೋದ ನೀರು ಪಾಯಿಂಟ್ ಒಂಬತ್ತು ಗ್ರಾಮ್. ಆ ತೂಕವನ್ನು ಹದಿನೆಂಟರಿಂದ ಭಾಗಿಸಿ, ಉಳಿದ ಪುಡಿಯದನ್ನು ನೂರ ಅರವತ್ತರಿಂದ ಭಾಗಿಸಿ, ಎರಡನ್ನೂ ಹೋಲಿಸಿದರೆ ಒಂದಕ್ಕೆ ಐದು. ಅಂದರೆ ಪುಡಿಯ ಒಂದು ಅಣುವಿಗೆ ನೀರಿನ ಐದು ಅಣು. ಗಣಿತದಲ್ಲಿ ಎರಡು ಸಲ ಬಿದ್ದ ನನಗೆ ಇದು ನಾಲ್ಕನೇ ವರ್ಷಕ್ಕೆ ಬಾಯಿಪಾಠವಾಗಿತ್ತು.

"ಪುಸ್ತಕದಲ್ಲಿ ಐದು ಅಂತ ಇದೆ. ನಂಬಬೇಡಿ" ಅನ್ನುತ್ತಿದ್ದರು ಮಕ್ಕಳಿಗೆ. "ಕಾಯಿಸಿ, ತೂಗಿ. ಮತ್ತೆ ಕಾಯಿಸಿ, ಮತ್ತೆ ತೂಗಿ. ಎರಡು ಸಲ ಒಂದೇ ತೂಕ ಬಂದ ಮೇಲೆ ನಂಬಿ. ಒಂದೇ ಸಲಕ್ಕೆ ಯಾವುದನ್ನೂ ನಂಬಬೇಡಿ."

ಕ್ರೂಸಿಬಲ್‌ಗಳನ್ನು ಮೊದಲೇ ಖಾಲಿಯಾಗಿ ಕೆಂಪಗೆ ಕಾಯಿಸಿ, ಇದ್ದಬದ್ದ ಕೊಳೆಯನ್ನೆಲ್ಲ ಸುಟ್ಟು, ತೇವ ತಾಗದ ಗಾಜಿನ ಜಾಡಿಯಲ್ಲಿ ಮುಚ್ಚಿಡುವುದು ನನ್ನ ಕೆಲಸ. ಆ ನಾಲ್ಕನೇ ವರ್ಷ ಅದನ್ನು ಆಯುಧಪೂಜೆಯ ಹಿಂದಿನ ದಿನವೇ ಮುಗಿಸಿದ್ದೆ.

ಕಾಲೇಜಿನ ಆಯುಧಪೂಜೆಯೆಲ್ಲ ಹೆಡ್ ಕ್ಲರ್ಕ್ ಅವರದ್ದು. ಬೀರು, ಟೈಪ್‌ರೈಟರ್, ಗಂಟೆ, ಲ್ಯಾಬಿನ ತಕ್ಕಡಿ, ಎಲ್ಲಕ್ಕೂ ಅವರೇ ಬೊಟ್ಟಿಡುತ್ತಿದ್ದರು. ಆ ಸಲ ಅವರು ಮಗಳ ಮನೆಗೆ ಹೊರಟಿದ್ದರು. ಆಫೀಸಿನದಷ್ಟನ್ನು ಬೇಗ ಬೇಗ ಮುಗಿಸಿ, ಲ್ಯಾಬಿಗೆ ಬಂದು, "ಸಾರ್, ಇದೊಂದು ನೀವೇ ನೋಡ್ಕಂಡ್ಬುಡಿ, ಬಸ್ಸಿಗೆ ಒತ್ತಾಯ್ತು" ಅಂದು ವಿಭೂತಿ, ಗಂಧ, ಕುಂಕುಮದ ತಟ್ಟೆ ಇಟ್ಟು ಹೋದರು.

ಮೇಷ್ಟ್ರು ತಟ್ಟೆ ನೋಡಿದರು, ನನ್ನನ್ನು ನೋಡಿದರು. "ವರ್ಷವೆಲ್ಲ ಇವನ್ನ ತೊಳೆದು ಒರೆಸೋರು ನೀವು. ಪೂಜೆ ನೀವೇ ಮಾಡಿ."

"ನಾನಾ ಸಾರ್? ನಾನು ಮಾಡಬಾರದು."

"ಯಾಕೆ?"

ಅವರು ಕಾದರು, ತಕ್ಕಡಿಯ ಮುಳ್ಳು ನಿಲ್ಲಲಿ ಅಂತ ಕಾಯುವ ಹಾಗೆ. ಆಮೇಲೆ ಬೀಗದ ಕೈ ಮೇಜಿನ ಮೇಲಿಟ್ಟು ಹೊರಗೆ ವರಾಂಡಕ್ಕೆ ಹೋಗಿ ನಿಂತುಕೊಂಡರು.

ನರಸೀಪುರದ ಪಕ್ಕದ ಸೋಸಲೆಯ ನಮ್ಮ ಮನೆಯಲ್ಲಿ ಕುಂಕುಮದ ಬಟ್ಟಲನ್ನು ಅತ್ತೆ ಮೇಲಿನ ಗೂಡಿಗೆ ಎತ್ತಿಟ್ಟಿದ್ದರು. ನನ್ನ ಕೈಗೆ ಎಟುಕಬಾರದು ಅಂತ. ಆರು ವರ್ಷದ ಮೇಲೆ ನನ್ನ ಬೆರಳಿಗೆ ಕುಂಕುಮ ತಾಗಿತು. ತಕ್ಕಡಿಯ ಪೆಟ್ಟಿಗೆಗೆ ವಿಭೂತಿ ಎಳೆದು, ಗಂಧ ಹಚ್ಚಿ, ಅದರ ಮೇಲೆ ಕುಂಕುಮ ಇಟ್ಟೆ. ಅಷ್ಟಕ್ಕೆ ನಿಲ್ಲಿಸಬೇಕಾಗಿತ್ತು. ಕೈ ನಿಲ್ಲಲಿಲ್ಲ. ಬರ್ನರ್‌ಗಳಿಗೆ ಇಟ್ಟೆ, ಸ್ಟ್ಯಾಂಡುಗಳಿಗೆ ಇಟ್ಟೆ, ಜಾಡಿ ತೆಗೆದು ಎಂಟು ಕ್ರೂಸಿಬಲ್‌ಗೂ ಹೊರಮೈಗೆ ಮೂರು ಗೆರೆ ವಿಭೂತಿ ಎಳೆದು ನಡುವೆ ಹೆಬ್ಬೆರಳಗಲದ ಬೊಟ್ಟು ಇಟ್ಟೆ. ಎಂಟು ಮಕ್ಕಳನ್ನು ಎರೆದು ಸಿಂಗರಿಸಿ ಕೂರಿಸಿದಂತೆ ಕಂಡಿತು. ಹಾಗೇ ಒಣಗಿಸಿ ಮುಚ್ಚಿಟ್ಟೆ.

ರಜೆ ಮುಗಿದು ಪ್ರಯೋಗದ ದಿನ ಬಂತು. ಎಂಟು ಗುಂಪು, ಎಂಟು ಬರ್ನರ್. ಬೊಟ್ಟನ್ನು ಯಾರೂ ಒರೆಸಲಿಲ್ಲ. ಪೂಜೆಯ ಬೊಟ್ಟನ್ನು ಯಾರು ತಾನೇ ಒರೆಸುತ್ತಾರೆ? ಹುಡುಗನೊಬ್ಬ ಕಣ್ಣಿಗೊತ್ತಿಕೊಂಡು ಬೆಂಕಿಯ ಮೇಲಿಟ್ಟ. ಲ್ಯಾಬಿನ ತುಂಬ ಗಂಧದ ವಾಸನೆ ಹರಡಿತು. "ಸಾ, ಗುಡಿ ಒಳಗಿದ್ದಂಗೈತೆ" ಅಂದ ಇನ್ನೊಬ್ಬ. ಮೇಷ್ಟ್ರೂ ನಕ್ಕರು.

ಲೆಕ್ಕ ಹಾಕುವಾಗ ನಗು ಹೋಯಿತು. ಒಂದು ಗುಂಪಿಗೆ ಐದೂ ಮುಕ್ಕಾಲು, ಒಂದಕ್ಕೆ ಆರು, ಒಂದಕ್ಕೆ ಆರೂಕಾಲು. ಏಳು ಗುಂಪಿನದೂ ಹೀಗೇ. ಒಂದೇ ಒಂದು ಗುಂಪು ಸರಿಯಾಗಿ ಐದು ಬರೆದು ತಂದಿತ್ತು.

"ಎಲ್ಲರಿಗೂ ಆರು ಬಂದಿರುವಾಗ ನಿಮಗೊಬ್ಬರಿಗೆ ಐದು ಹೇಗೆ ಬಂತ್ರಪ್ಪ?"

"ಬುಕ್ಕಲ್ಲಿ ಐದೇ ಐತೆ ಸಾ."

"ತಕ್ಕಡೀಲಿ ಎಷ್ಟಿತ್ತು?"

ಹುಡುಗ ತಲೆ ಕೆರೆದುಕೊಂಡ. "ಆರೇ ಇತ್ತು ಸಾ. ತಕ್ಕಡಿ ಕೆಟ್ಟದೆ ಅಂದ್ಕಂಡೋ."

ಸುದ್ದಿ ಆಫೀಸಿಗೆ ಮುಟ್ಟಿತು. ಹೆಡ್ ಕ್ಲರ್ಕ್ ಬಾಗಿಲಲ್ಲಿ ನಿಂತು, ನನಗೆ ಕೇಳುವ ಹಾಗೇ ಅಂದರು: "ಅಲ್ಲಾ ಸಾರ್, ಇಷ್ಟು ವರ್ಸ ಸರ್ಯಾಗಿತ್ತಲ್ಲ. ಈ ವರ್ಸ ಪೂಜೆ ಯಾರು ಮಾಡಿದ್ದು ಯೋಳಿ ಮತ್ತೆ? ಗಂಡನ್ನ ಕಳಕಂಡೋಳ ಕೈಲಿ ಬೊಟ್ಟಿಡ್ಸಿದ್ರೆ ಇನ್ನೇನಾದದು? ಪಾಪ, ಆಯಮ್ಮಂದು ತಪ್ಪು ಅಂತಲ್ಲ, ಕೈಗುಣ. ಆಯಮ್ಮನ್ನ ರೆಕಾರ್ಡ್ ರೂಮಿಗೆ ಆಕ್ಬುಡಾನ ಅಂತ ಪ್ರಿನ್ಸಿಪಾಲ್ರಿಗೆ ಯೋಳ್ತೀನಿ."

ಮೇಷ್ಟ್ರು ತಲೆ ಬಗ್ಗಿಸಿಕೊಂಡು ಮಕ್ಕಳ ಲೆಕ್ಕದ ಹಾಳೆಗಳನ್ನು ಜೋಡಿಸುತ್ತಲೇ ಇದ್ದರು. ಅದೇ ನನಗೆ ಹೆಚ್ಚು ಚುಚ್ಚಿತು.

ಸಂಜೆ ಸೋಸಲೆಯಲ್ಲಿ ಅತ್ತೆಗೆ ಹೇಳಿದೆ. ಅವರು ಅಕ್ಕಿ ಆರಿಸುತ್ತಿದ್ದರು, ತಲೆ ಎತ್ತಲಿಲ್ಲ. "ನಂಗೊತ್ತಿತ್ತು ಕಣವ್ವ. ನೀನು ಕಾಲಿಟ್ಟ ಮನೆ ಏನಾಯ್ತು ಅಂತ ನಾನು ನೋಡ್ಲಿಲ್ವಾ?" ಸಿಟ್ಟಿನಿಂದಲ್ಲ, ಅಕ್ಕಿಯಲ್ಲಿ ಕಲ್ಲಿದೆ ಅಂದಷ್ಟು ಸಲೀಸಾಗಿ. ಅವರಿಗಾದರೂ ಇದ್ದದ್ದು ನನ್ನ ಯಜಮಾನರೊಬ್ಬರೇ ಮಗ. ಅತ್ತೆ ಹೇಳಿದ್ದನ್ನು ಅಲ್ಲಿಯವರೆಗೆ ನಾನು ಅರ್ಧ ನಂಬಿದ್ದೆ, ಅರ್ಧ ಇಲ್ಲ. ಎರಡು ಸಲ ಒಂದೇ ಬಂದರೆ ನಂಬಿ ಅಂತ ಮೇಷ್ಟ್ರೇ ಹೇಳುತ್ತಿದ್ದರಲ್ಲ. ಮೊದಲು ಯಜಮಾನರು, ಈಗ ಎಂಟು ಬಟ್ಟಲು. ಎರಡು ಸಲ ಆಯಿತು.

ಬೆಳಿಗ್ಗೆ ಹೋದವಳೇ, "ನನ್ನನ್ನ ರೆಕಾರ್ಡ್ ರೂಮಿಗೇ ಹಾಕಿಬಿಡಿ ಸಾರ್" ಅಂದೆ.

ಅವರು ಕಿಟಕಿಯ ಬೆಳಕಿಗೆ ಒಂದು ಕ್ರೂಸಿಬಲ್ ಹಿಡಿದು ತಿರುಗಿಸುತ್ತಿದ್ದರು. ಎಷ್ಟು ಹೊತ್ತಿನಿಂದಲೋ. ಅವತ್ತು ಎಂದಿಗಿಂತ ಮುಂಚಿನ ಬಸ್ಸಿಗೇ ಬಂದಿದ್ದರು ಅಂತ ಆಮೇಲೆ ಗೊತ್ತಾಯಿತು. "ಹೆಚ್ಚು ಕಾಯಿಸಿದ್ದರೆ ಪುಡಿ ಕಪ್ಪಾಗಬೇಕಿತ್ತು, ಆಗಿಲ್ಲ" ಅಂದರು, ನನಗೋ ತಮಗೋ. "ತಕ್ಕಡಿ ನೋಡಿದೆ, ಬಟ್ಟು ನೋಡಿದೆ, ಎರಡೂ ಸರಿಯಿದೆ. ಇಲ್ಲಿ ಬನ್ನಿ ಅಮ್ಮ. ಗೆರೆ ಇದೆ. ಬೊಟ್ಟು ಎಲ್ಲಿ?"

ನೋಡಿದೆ. ವಿಭೂತಿಯ ಮೂರು ಗೆರೆ ಹಾಗೇ ಇದ್ದವು. ನಡುವೆ ಕುಂಕುಮದ ಜಾಗದಲ್ಲಿ ಕಂದು ಕಲೆ ಮಾತ್ರ.

"ಇಟ್ಟಿದ್ದೆ ಸಾರ್. ದೊಡ್ಡದಾಗೇ ಇಟ್ಟಿದ್ದೆ."

ಅವರು ಕಣ್ಣು ಮುಚ್ಚಿ ಒಂದು ಉಸಿರು ಬಿಟ್ಟರು. ಹಿಂದಿನ ದಿನದಿಂದ ಹಿಡಿದಿಟ್ಟುಕೊಂಡಿದ್ದ ಉಸಿರೇ ಇರಬೇಕು.

ಶನಿವಾರ ಬೆಳಗಿನ ಕ್ಲಾಸು ಮುಗಿದ ಮೇಲೆ ಪ್ರಿನ್ಸಿಪಾಲರನ್ನೂ ಹೆಡ್ ಕ್ಲರ್ಕರನ್ನೂ ಲ್ಯಾಬಿಗೆ ಕರೆದರು. ಸುಟ್ಟು ತೊಳೆದ ಎರಡು ಖಾಲಿ ಕ್ರೂಸಿಬಲ್ ಮೇಜಿನ ಮೇಲಿದ್ದವು. ಪಕ್ಕದಲ್ಲಿ ಅದೇ ಪೂಜೆಯ ತಟ್ಟೆ. ಒಂದಕ್ಕೆ ನನ್ನ ಕೈಯಲ್ಲಿ ವಿಭೂತಿ, ಗಂಧ, ಕುಂಕುಮ ಇಡಿಸಿದರು. ಇನ್ನೊಂದನ್ನು ಹೆಡ್ ಕ್ಲರ್ಕ್ ಮುಂದೆ ಸರಿಸಿದರು.

"ಇದೇನ್ ಸಾರ್ ಇದು?"

"ನಿಮ್ಮ ಕೈಯಲ್ಲೂ ಒಂದು ಪೂಜೆ ಆಗಲಿ ಸ್ವಾಮಿ. ಮಗಳ ಮನೆಗೆ ಹೋಗಿದ್ದರಲ್ಲ, ಬಾಕಿ ಉಳಿದಿತ್ತು."

ಅವರು ಚೆನ್ನಾಗಿಯೇ ಇಟ್ಟರು, ಇನ್ನೂ ಸ್ವಲ್ಪ ದಪ್ಪವಾಗಿ. ಒಣಗಿದ ಮೇಲೆ ಎರಡನ್ನೂ ತೂಗಿ ಬೋರ್ಡಿನ ಮೇಲೆ ಬರೆದರು. ಎರಡನ್ನೂ ಕೆಂಪಗೆ ಕಾಯಿಸಿದರು. ಆಮೇಲೆ ಆರಬೇಕು. ಅರ್ಧ ಗಂಟೆ ಹಿಡಿಯಿತು. ಪ್ರಿನ್ಸಿಪಾಲರು ಗಡಿಯಾರ ನೋಡಿಕೊಂಡರು. ನಾನು ಸಿಂಕಿನ ಹತ್ತಿರ ನಿಂತು, ಈ ತಕ್ಕಡಿ ಏನು ಹೇಳಿದರೆ ಅದೇ ನಾನು ಅಂತ ಒಪ್ಪಿಕೊಂಡುಬಿಟ್ಟಿದ್ದೆ.

ಮತ್ತೆ ತೂಗಿದರು. ನನ್ನ ಬಟ್ಟಲು ತೊಂಬತ್ತಾರು ಮಿಲಿಗ್ರಾಮ್ ಕಳೆದುಕೊಂಡಿತ್ತು. ಹೆಡ್ ಕ್ಲರ್ಕ್ ಬಟ್ಟಲು ನೂರ ಮೂವತ್ತೊಂದು. ಪುನಃ ಕಾಯಿಸಿ ತೂಗಿದರು. ಅದೇ ಬಂತು.

"ಈಕೆಯದು ಹೋಯ್ತು, ನಿಮ್ಮದೂ ಹೋಯ್ತು" ಅಂದರು ಮೇಷ್ಟ್ರು. "ನಿಮ್ಮದು ಸ್ವಲ್ಪ ಜಾಸ್ತಿಯೇ ಹೋಯ್ತು. ಭಕ್ತಿ ಜಾಸ್ತಿ ಇರಬೇಕು. ಗಂಧ ಕುಂಕುಮ ಬೆಂಕಿಗೆ ಬಿದ್ದರೆ ಸುಡುತ್ತೆ. ಮಕ್ಕಳು ಆ ತೂಕವನ್ನೂ ನೀರು ಅಂತ ಲೆಕ್ಕ ಹಾಕಿದರು, ಐದು ಆರಾಯ್ತು. ನೂರು ಮಿಲಿಗ್ರಾಮ್ ಸಾಕು ಅದಕ್ಕೆ. ಇದರಲ್ಲಿ ಕೈಗುಣ ಎಷ್ಟು ಮಿಲಿಗ್ರಾಮ್ ಇದೆಯೋ ನನಗೆ ಸಿಗಲಿಲ್ಲ. ನಿಮಗೆ ಸಿಕ್ಕಿದರೆ ತೋರಿಸಿ, ಬೋರ್ಡಿನ ಮೇಲೆ ಬರೀತೀನಿ."

ಪ್ರಿನ್ಸಿಪಾಲರು ಕೆಮ್ಮಿದರು. ಹೆಡ್ ಕ್ಲರ್ಕ್ ಬಗ್ಗಿ ಬಟ್ಟಲನ್ನೇ ನೋಡಿದರು. "ಇಬೂತಿ ಅಂಗೇ ಅದಲ್ಲ ಸಾರ್?"

"ವಿಭೂತಿ ಆಗಲೇ ಸುಟ್ಟು ಆಗಿರೋದು. ಇನ್ನೇನು ಸುಡುತ್ತೆ?"

ಅವರೆಲ್ಲ ಹೋದ ಮೇಲೆ ನಾನು ಬಟ್ಟಲು ತೊಳೆಯುವ ನೆಪದಲ್ಲಿ ನಲ್ಲಿ ಬಿಟ್ಟು ಅತ್ತುಬಿಟ್ಟೆ. ಅವರು ಆ ತುದಿಯಲ್ಲಿ ತಮ್ಮ ಟಿಫನ್ ಕ್ಯಾರಿಯರ್ ತೆಗೆದು ಊಟಕ್ಕೆ ಕೂತರು. ನಲ್ಲಿ ನಿಲ್ಲಿಸಿದ ಮೇಲೆ, "ಒಂದು ಸಲ ಆಗಿದ್ದನ್ನ ಲೆಕ್ಕಕ್ಕೆ ತಗೋಬೇಡಿ ಅಮ್ಮ, ಯಾವುದನ್ನೂ" ಅಂದರು, ಅನ್ನದ ಕಡೆ ನೋಡುತ್ತ. ಯಾವುದನ್ನೂ ಅಂದದ್ದು ಯಾವುದಕ್ಕೆ ಅಂತ ನನಗೆ ಗೊತ್ತಾಯಿತು.

ಮುಂದಿನ ವರ್ಷ ಹೆಡ್ ಕ್ಲರ್ಕ್ ತಟ್ಟೆಯನ್ನು ನೇರವಾಗಿ ನನ್ನ ಕೈಗೇ ಕೊಟ್ಟರು. "ಮಾಡವ್ವ. ಒಸಿ ಕಮ್ಮಿ ಹಚ್ಚು." ಮೇಷ್ಟ್ರು ತಕ್ಕಡಿಯ ಪೆಟ್ಟಿಗೆಯ ಮರದ ಕಾಲು ತೋರಿಸಿ, "ಇಲ್ಲಿ ಎಷ್ಟು ದೊಡ್ಡದಾದರೂ ಇಡಿ, ತೂಕಕ್ಕೆ ಬರಲ್ಲ" ಅಂದರು. ಆ ವರ್ಷ ಮಕ್ಕಳಿಗೆ ಐದು ಬಂತು. ಅದರ ಮುಂದಿನ ವರ್ಷವೂ ಬಂತು. ಎರಡು ಸಲ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಕ್ಕೆ ಅವರು ನಿವೃತ್ತರಾದರು. ಹಾರ, ಶಾಲು, ಎರಡು ಭಾಷಣ. ಭಾಷಣ ಮಾಡಿದವರಲ್ಲಿ ಒಬ್ಬರಿಗೆ ಅವರ ಊರು ಯಾವುದು ಅಂತ ಗೊತ್ತಿರಲಿಲ್ಲ. ಹೊಸಬರು ಬಂದು ಪರೀಕ್ಷೆಗೆ ಬರುವುದಷ್ಟನ್ನೇ ಮಾಡಿಸಿದರು. ಮಧ್ಯಾಹ್ನ ಲ್ಯಾಬಿನಲ್ಲಿ ನಾನೊಬ್ಬಳೇ ಉಣ್ಣತೊಡಗಿದೆ. ಆ ತುದಿಯಲ್ಲಿ ಯಾರೂ ಇಲ್ಲದಿದ್ದರೆ ಹನ್ನೆರಡು ಮೇಜು ಬಹಳ ಉದ್ದ. ಮಾತಿಲ್ಲದೆ ಕೂತಿರುತ್ತಿದ್ದವರೂ ಜೊತೆಯೇ ಆಗಿದ್ದರು ಅಂತ ಆಗ ತಿಳಿಯಿತು.

ಅವರಿಗೆ ಹುಷಾರಿಲ್ಲ ಅಂತ ಕೇಳಿ ಒಂದು ಭಾನುವಾರ ನಂಜನಗೂಡಿಗೆ ಹೋದೆ, ರಾಗಿ ಹುರಿಹಿಟ್ಟು ಕಟ್ಟಿಕೊಂಡು. ಕೋಣೆಯಲ್ಲಿ ಒಂದು ಮಂಚ, ಒಂದು ಕುರ್ಚಿ, ಕಿಟಕಿಯಲ್ಲಿ ಗಾಜಿನ ಶೀಶೆಯ ತುಂಬ ಮೈಲುತುತ್ತದ ಹರಳು. ಮೈ ಇಳಿದುಹೋಗಿತ್ತು. "ವಾರಕ್ಕೊಂದು ಸಲ ಆಸ್ಪತ್ರೇಲಿ ತೂಕ ನೋಡ್ತಾರೆ. ಎರಡು ಸಲ ಒಂದೇ ಬರ್ತಿಲ್ಲ" ಅಂದು ನಕ್ಕರು. ಬೆರಳುಗಳು ಹಳದಿ ಪೂರ್ತಿ ಹೋಗಿ ಬೆಳ್ಳಗಾಗಿದ್ದವು. ಕೆಲಸ ಬಿಟ್ಟ ಬೆರಳುಗಳು.

ಮನೆಯ ಒಡತಿ ಬಾಗಿಲಲ್ಲಿ ನಿಂತಿದ್ದರು. ಮೇಷ್ಟ್ರು ಗೂಡಿನಲ್ಲಿದ್ದ ವಿಭೂತಿ ಗಟ್ಟಿಯ ಕಡೆ ಕಣ್ಣು ತೋರಿಸಿ, "ಸ್ನಾನ ಆಗಿದೆ. ಕೈ ಹಣೆಯವರೆಗೂ ಏಳ್ತಿಲ್ಲ. ನೀವೇ ಇಟ್ಟುಬಿಡಿ ಅಮ್ಮ" ಅಂದರು.

ಕಾಯಿಲೆಯ ಮನುಷ್ಯರು. ಒಡತಿ ನೋಡುತ್ತಿದ್ದಾರೆ. ನನ್ನ ಕೈ ಹಿಂದೆ ಸರಿಯಿತು. ಅಷ್ಟು ವರ್ಷದ ಮೇಲೂ ಸರಿಯಿತು, ಸುಳ್ಳು ಯಾಕೆ ಹೇಳಲಿ.

"ತೂಗಿ ನೋಡಿದ್ದೀನಲ್ಲ ಆ ಕೈನ" ಅಂದರು. "ಇಡಿ."

ನೀರು ಮುಟ್ಟಿಸಿ, ಗಟ್ಟಿ ಉಜ್ಜಿ, ಮೂರು ಬೆರಳಲ್ಲಿ ಗೆರೆ ಎಳೆದೆ. ಅವರು ಉಸಿರು ಹಿಡಿದು ಕೂತಿದ್ದರು. ಮುಗಿದ ಮೇಲೆ ಬಿಟ್ಟರು.

ಹಿಂದಿರುಗುವ ಬಸ್ಸಿನಲ್ಲಿ ಟಿಕೆಟ್ಟಿಗೆ ಕೈ ಚಾಚಿದಾಗ ಕಂಡಕ್ಟರು ನನ್ನ ಬೆರಳು ನೋಡಿ, "ದೇವಸ್ಥಾನಕ್ಕೆ ಬಂದಿದ್ರಾ ಅಕ್ಕ?" ಅಂದ.

"ಇಲ್ಲಪ್ಪ. ನಮ್ಮ ಮೇಷ್ಟ್ರನ್ನ ನೋಡೋಕೆ."

ಮುಂದಿನ ವಾರ ಒಡತಿ ಕಾಲೇಜಿಗೆ ಫೋನ್ ಮಾಡಿ ತಿಳಿಸಿದರು. ಬೆಳಿಗ್ಗೆ ಕಾಫಿ ಕೊಡಲು ಹೋದಾಗ ತೀರಿಕೊಂಡಿದ್ದರಂತೆ. ಎಲ್ಲಿಂದಲೋ ಒಬ್ಬ ಸಂಬಂಧಿಕರು ಬಂದು ಎಲ್ಲ ಮುಗಿಸಿ ಅವತ್ತೇ ಹೊರಟರಂತೆ. ನನಗೆ ಸುದ್ದಿ ಮುಟ್ಟುವಾಗ ಸಂಜೆಯಾಗಿತ್ತು. ಆಫೀಸಿನಲ್ಲಿ ಒಬ್ಬರು, "ಯಾವ ಮೇಷ್ಟ್ರು?" ಅಂತ ಕೇಳಿದರು.

ಈಗ ಲ್ಯಾಬಿಗೆ ಕರೆಂಟಿನ ತಕ್ಕಡಿ ಬಂದಿದೆ. ಮುಳ್ಳಿಲ್ಲ, ಬಟ್ಟಿಲ್ಲ, ಇಟ್ಟ ತಕ್ಷಣ ಅಂಕಿ ತೋರಿಸುತ್ತದೆ. ಹಳೆಯದನ್ನು ಮೂಲೆಗಿಟ್ಟಿದ್ದಾರೆ, ನಾನು ಧೂಳು ಹೊಡೆದು ಇಟ್ಟುಕೊಂಡಿದ್ದೇನೆ. ದಸರಾ ರಜೆ ಮುಗಿದ ಮೇಲೆ ಯಾವುದಾದರೂ ಮಧ್ಯಾಹ್ನ, ಊಟವಾದ ಮೇಲೆ, ಒಂದು ಕ್ರೂಸಿಬಲ್ ತೆಗೆದು ಎರಡೂವರೆ ಗ್ರಾಮ್ ಮೈಲುತುತ್ತ ತೂಗುತ್ತೇನೆ. ಕಾಯಿಸುತ್ತೇನೆ, ಆರಿಸುತ್ತೇನೆ, ಮತ್ತೆ ತೂಗುತ್ತೇನೆ. ಎರಡು ಸಲ ಒಂದೇ ಬರುವವರೆಗೂ. ನೋಡುವವರು ಯಾರೂ ಇಲ್ಲ, ಬರೆದಿಡುವುದೂ ಇಲ್ಲ. ಐದು ಬಂದರೆ ಬಟ್ಟಲು ತೊಳೆದಿಡುತ್ತೇನೆ.

ಆಯುಧಪೂಜೆಯ ದಿನ ಬೊಟ್ಟು ಮಾತ್ರ ಈಗಲೂ ಹೆಬ್ಬೆರಳಗಲವೇ ಇಡುತ್ತೇನೆ. ಹಳೆಯ ತಕ್ಕಡಿಯ ಮರದ ಕಾಲಿಗೆ, ಅವರು ತೋರಿಸಿದ ಜಾಗದಲ್ಲಿ.